ಎರಡು ನಗರಗಳ ನಡುವಿನ ವಿಮಾನ ದೂರವನ್ನೂ ಹಾರಾಟದ ಅವಧಿಯನ್ನೂ ನಾವೇ ಲೆಕ್ಕ ಹಾಕುವ ಬಗೆ: ಬೆಂಗಳೂರು–ದೆಹಲಿಯಿಂದ ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊವರೆಗೆ

ಬೆಂಗಳೂರಿನಿಂದ ದೆಹಲಿಗೆ ವಿಮಾನದಲ್ಲಿ ಎಷ್ಟು ದೂರ ಎಂದು ಹುಡುಕಿದರೆ ಒಂದು ಕಡೆ 1,702 ಕಿ.ಮೀ., ಇನ್ನೊಂದು ಕಡೆ 1,709 ಕಿ.ಮೀ., ಮತ್ತೊಂದು ಕಡೆ 1,740 ಕಿ.ಮೀ. ಎಂಬ ಉತ್ತರ ಸಿಗುವುದುಂಟು. ಅವಧಿಯನ್ನು ಹುಡುಕಿದರೆ ಎರಡು ಗಂಟೆ ಹತ್ತು ನಿಮಿಷದಿಂದ ಮೂರು ಗಂಟೆಯವರೆಗೆ ಏನು ಬೇಕಾದರೂ ಕಾಣಬಹುದು. ಇವುಗಳಲ್ಲಿ ಯಾವುದೂ ತಪ್ಪಲ್ಲ. ಪ್ರತಿಯೊಂದು ಅಂಕಿಯೂ ಬೇರೆ ಬೇರೆ ಪ್ರಶ್ನೆಗೆ ಕೊಟ್ಟ ಉತ್ತರ, ಅಷ್ಟೇ. ಆ ಪ್ರಶ್ನೆ ಯಾವುದೆಂದು ತಿಳಿಯದೆ ಅಂಕಿಯನ್ನು ಮಾತ್ರ ಹಿಡಿದುಕೊಂಡವರು ಮುಂದಿನ ವಿಮಾನವನ್ನು ತಪ್ಪಿಸಿಕೊಳ್ಳುತ್ತಾರೆ, ಕರೆದುಕೊಂಡು ಹೋಗಲು ಬಂದವರನ್ನು ಗಂಟೆಗಟ್ಟಲೆ ಕಾಯಿಸುತ್ತಾರೆ, ಮಾತ್ರೆ ತೆಗೆದುಕೊಳ್ಳುವ ಹೊತ್ತನ್ನು ಕಲಸಿಕೊಳ್ಳುತ್ತಾರೆ. ಪ್ರೌಢಶಾಲೆಯ ತ್ರಿಕೋನಮಿತಿ, ಮೊಬೈಲಿನ ಕ್ಯಾಲ್ಕುಲೇಟರ್ ಮತ್ತು ಸ್ವಲ್ಪ ತಾಳ್ಮೆ ಇದ್ದರೆ ಈ ಲೆಕ್ಕವನ್ನು ಯಾರು ಬೇಕಾದರೂ ಮಾಡಬಹುದು. ಇಲ್ಲಿ ಎರಡು ಉದಾಹರಣೆಗಳನ್ನು ಹಿಡಿದು ಅದನ್ನು ಹಂತಹಂತವಾಗಿ ವಿವರಿಸಿದ್ದೇನೆ: ಸುಲಭವಾದ ಬೆಂಗಳೂರು–ದೆಹಲಿ ಮತ್ತು ಭೂಗೋಳದ ಎಲ್ಲ ತೊಡಕುಗಳನ್ನೂ ಒಳಗೊಂಡ ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ.

ಹಂತ 1: ಯಾವ ದೂರ ಬೇಕೆಂದು ಮೊದಲು ಗೊತ್ತುಮಾಡಿಕೊಳ್ಳಿ

ದೂರ ಎಂಬ ಒಂದೇ ಪದದ ಹಿಂದೆ ಹಲವು ಅಳತೆಗಳಿವೆ. ಬೆಂಗಳೂರಿನಿಂದ ದೆಹಲಿಗೆ ರಸ್ತೆಯಲ್ಲಿ ಹೋದರೆ 2,100 ಕಿ.ಮೀ.ಗೂ ಹೆಚ್ಚು, ರೈಲಿನಲ್ಲಿ 2,300 ಕಿ.ಮೀ.ಗೂ ಹೆಚ್ಚು. ನೇರ ವಾಯುಮಾರ್ಗದ ಅಳತೆ ಇವೆರಡಕ್ಕಿಂತಲೂ ಬಹಳ ಕಡಿಮೆ. ಆದರೆ ಆ ನೇರ ದೂರವೂ ಒಂದೇ ಅಲ್ಲ. ನಗರದ ನಡುಭಾಗದಿಂದ ನಗರದ ನಡುಭಾಗಕ್ಕೆ ಅಳೆದರೆ ಒಂದು ಅಂಕಿ, ವಿಮಾನ ನಿಲ್ದಾಣದಿಂದ ವಿಮಾನ ನಿಲ್ದಾಣಕ್ಕೆ ಅಳೆದರೆ ಇನ್ನೊಂದು.

ಬೆಂಗಳೂರಿನ ಮಟ್ಟಿಗೆ ಈ ವ್ಯತ್ಯಾಸ ಕಡೆಗಣಿಸುವಂಥದ್ದಲ್ಲ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ನಿಲ್ದಾಣ ಆರಂಭವಾಗುವವರೆಗೆ ನಾವೆಲ್ಲ ಎಚ್‌ಎಎಲ್ ನಿಲ್ದಾಣದಿಂದ ಹಾರುತ್ತಿದ್ದೆವು. ಅದು ಊರಿನೊಳಗೇ ಇತ್ತು. ಈಗಿನ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ನಗರದ ನಡುಭಾಗದಿಂದ ಈಶಾನ್ಯಕ್ಕೆ, ನೇರ ರೇಖೆಯಲ್ಲಿ ಸುಮಾರು 28 ಕಿ.ಮೀ. ದೂರದಲ್ಲಿದೆ. ಅಂದರೆ ದೆಹಲಿಯ ಕಡೆಗೆ ಅಷ್ಟು ದೂರ ನೀವು ನೆಲದ ಮೇಲೆಯೇ ಸಾಗಿಬಿಟ್ಟಿರುತ್ತೀರಿ. ಅತ್ತ ದೆಹಲಿಯ ನಿಲ್ದಾಣವು ಆ ನಗರದ ನೈಋತ್ಯ ಭಾಗದಲ್ಲಿ, ಅಂದರೆ ನಮ್ಮ ಕಡೆಗೇ ಇದೆ. ಎರಡೂ ತುದಿಗಳಲ್ಲಿ ದೂರ ಕಡಿಮೆಯಾಗುವುದರಿಂದಲೇ ನಗರದ ಲೆಕ್ಕದಲ್ಲಿ 1,740 ಕಿ.ಮೀ. ಇದ್ದದ್ದು ನಿಲ್ದಾಣದ ಲೆಕ್ಕದಲ್ಲಿ 1,700ರ ಆಸುಪಾಸಿಗೆ ಇಳಿಯುತ್ತದೆ. ಹಾರಾಟದ ಅವಧಿ ತಿಳಿಯಬೇಕಾದರೆ ನಿಲ್ದಾಣಗಳ ನಡುವಿನ ದೂರವನ್ನೇ ತೆಗೆದುಕೊಳ್ಳಬೇಕು.

ಇನ್ನೊಂದು ಎಚ್ಚರಿಕೆಯ ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ವಿಮಾನಯಾನದಲ್ಲಿ ದೂರವನ್ನು ನಾಟಿಕಲ್ ಮೈಲಿಗಳಲ್ಲಿ ಅಳೆಯುತ್ತಾರೆ. ಒಂದು ನಾಟಿಕಲ್ ಮೈಲಿ ಎಂದರೆ 1.852 ಕಿ.ಮೀ. ಅಮೆರಿಕದವರು ರಸ್ತೆಗೆ ಬಳಸುವ ಮೈಲಿ 1.609 ಕಿ.ಮೀ. ಬರಿಯ ‘ಮೈಲಿ’ ಎಂದು ಬರೆದಿದ್ದರೆ ಅದು ಯಾವ ಮೈಲಿ ಎಂದು ನೋಡಿಕೊಳ್ಳದೆ ಕಿಲೋಮೀಟರಿಗೆ ತಿರುಗಿಸಬೇಡಿ. ದೂರದ ಪ್ರಯಾಣದಲ್ಲಿ ಈ ಒಂದು ತಪ್ಪಿಗೆ ಸಾವಿರ ಕಿಲೋಮೀಟರಿಗೂ ಹೆಚ್ಚು ವ್ಯತ್ಯಾಸ ಬರುತ್ತದೆ.

ಹಂತ 2: ಎರಡೂ ನಿಲ್ದಾಣಗಳ ಅಕ್ಷಾಂಶ, ರೇಖಾಂಶಗಳನ್ನು ಬರೆದುಕೊಳ್ಳಿ

ಗೂಗಲ್ ಮ್ಯಾಪ್ಸ್‌ನಲ್ಲಿ ನಿಲ್ದಾಣದ ರನ್‌ವೇಯ ಮೇಲೆ ಬೆರಳನ್ನು ಒತ್ತಿ ಹಿಡಿದರೆ ಎರಡು ಸಂಖ್ಯೆಗಳು ಕಾಣುತ್ತವೆ. ಮೊದಲನೆಯದು ಅಕ್ಷಾಂಶ, ಎರಡನೆಯದು ರೇಖಾಂಶ. ನಮ್ಮ ಲೆಕ್ಕಕ್ಕೆ ಬೇಕಾದವು ಇವು:

ಬೆಂಗಳೂರು: 13.198 ಡಿಗ್ರಿ ಉತ್ತರ, 77.706 ಡಿಗ್ರಿ ಪೂರ್ವ.
ದೆಹಲಿ: 28.556 ಡಿಗ್ರಿ ಉತ್ತರ, 77.100 ಡಿಗ್ರಿ ಪೂರ್ವ.
ಸ್ಯಾನ್ ಫ್ರಾನ್ಸಿಸ್ಕೊ: 37.619 ಡಿಗ್ರಿ ಉತ್ತರ, 122.375 ಡಿಗ್ರಿ ಪಶ್ಚಿಮ.

ಪಶ್ಚಿಮ ರೇಖಾಂಶವನ್ನೂ ದಕ್ಷಿಣ ಅಕ್ಷಾಂಶವನ್ನೂ ಋಣ ಸಂಖ್ಯೆಯಾಗಿ ಬರೆಯಬೇಕು. ಸ್ಯಾನ್ ಫ್ರಾನ್ಸಿಸ್ಕೊದ ರೇಖಾಂಶಕ್ಕೆ ಋಣ ಚಿಹ್ನೆ ಹಾಕುವುದನ್ನು ಮರೆತರೆ ಊರು ಚೀನಾದ ಕರಾವಳಿಯಾಚೆ, ಸಮುದ್ರದ ನಡುವೆ ಬಂದು ಕೂರುತ್ತದೆ. ಉತ್ತರ ವಿಚಿತ್ರವಾಗಿ ಕಂಡಾಗ ನಾನು ಮೊದಲು ನೋಡುವುದು ಈ ಚಿಹ್ನೆಯನ್ನೇ.

ಹಂತ 3: ಉತ್ತರ–ದಕ್ಷಿಣದ ಸುಲಭ ಲೆಕ್ಕ

ಬೆಂಗಳೂರು ಮತ್ತು ದೆಹಲಿ ಹೆಚ್ಚುಕಡಿಮೆ ಒಂದೇ ರೇಖಾಂಶದ ಮೇಲಿರುವುದು ನಮ್ಮ ಅದೃಷ್ಟ. ಹೀಗಿದ್ದಾಗ ಅಕ್ಷಾಂಶಗಳ ವ್ಯತ್ಯಾಸವನ್ನು ತೆಗೆದು ಒಂದು ಡಿಗ್ರಿಯ ಉದ್ದದಿಂದ ಗುಣಿಸಿದರೆ ಸಾಕು. 28.556ರಲ್ಲಿ 13.198 ಕಳೆದರೆ 15.358 ಡಿಗ್ರಿ. ಭೂಮಿಯನ್ನು 6,371 ಕಿ.ಮೀ. ತ್ರಿಜ್ಯದ ಪರಿಪೂರ್ಣ ಗೋಳವೆಂದು ಭಾವಿಸಿದರೆ ಒಂದು ಡಿಗ್ರಿಗೆ 111.195 ಕಿ.ಮೀ.; ಗುಣಿಸಿದಾಗ 1,708 ಕಿ.ಮೀ. ಬರುತ್ತದೆ. ಪೂರ್ವ–ಪಶ್ಚಿಮವಾಗಿ ಇರುವ ಸುಮಾರು 63 ಕಿ.ಮೀ. ಓರೆಯನ್ನು ಪೈಥಾಗೊರಸ್ ಪ್ರಮೇಯದಿಂದ ಸೇರಿಸಿದರೆ ಹೆಚ್ಚುವುದು ಒಂದೇ ಕಿಲೋಮೀಟರ್: ಒಟ್ಟು 1,709.

ಆದರೆ ಭೂಮಿ ಪರಿಪೂರ್ಣ ಗೋಳವಲ್ಲ. ಧ್ರುವಗಳಲ್ಲಿ ತುಸು ಚಪ್ಪಟೆಯಾಗಿದೆ, ಭೂಮಧ್ಯರೇಖೆಯ ಬಳಿ ತುಸು ಉಬ್ಬಿದೆ. ಆದ್ದರಿಂದ ಅಕ್ಷಾಂಶದ ಒಂದು ಡಿಗ್ರಿಯ ಉದ್ದ ಎಲ್ಲೆಡೆಯೂ ಒಂದೇ ಇರುವುದಿಲ್ಲ. ಭಾರತದ ನಡುಭಾಗದಲ್ಲಿ ಅದು ಸುಮಾರು 110.7 ಕಿ.ಮೀ. ಆ ಸಂಖ್ಯೆಯಿಂದ ಗುಣಿಸಿ ಅದೇ ಓರೆಯನ್ನೂ ಸೇರಿಸಿದರೆ ದೂರ ಸುಮಾರು 1,702 ಕಿ.ಮೀ.ಗೆ ಬರುತ್ತದೆ. ಮೊದಲಿಗೆ ಹೇಳಿದ ಮೂರು ಅಂಕಿಗಳ ಒಗಟು ಇಲ್ಲಿಗೆ ಬಿಡಿಸಿತು: ನಗರಗಳ ನಡುಭಾಗವನ್ನು ಹಿಡಿದದ್ದು 1,740, ನಿಲ್ದಾಣಗಳನ್ನು ಹಿಡಿದು ಭೂಮಿಯನ್ನು ಗೋಳವೆಂದುಕೊಂಡದ್ದು 1,709, ಭೂಮಿಯ ನಿಜವಾದ ಆಕಾರವನ್ನೂ ಗಣಿಸಿದ್ದು 1,702. ಅವಧಿಯನ್ನು ಅಂದಾಜು ಮಾಡಲು ಗೋಳದ ಲೆಕ್ಕವೇ ಧಾರಾಳವಾಗಿ ಸಾಕು. ಏಳು ಕಿಲೋಮೀಟರನ್ನು ವಿಮಾನ ಅರ್ಧ ನಿಮಿಷದಲ್ಲಿ ದಾಟುತ್ತದೆ.

ಹಂತ 4: ದೂರದ ಊರುಗಳಿಗೆ ಮಹಾವೃತ್ತದ ಸೂತ್ರ

ಗೋಳದ ಮೇಲಿನ ಎರಡು ಬಿಂದುಗಳ ನಡುವಿನ ಅತಿ ಹತ್ತಿರದ ದಾರಿಗೆ ಮಹಾವೃತ್ತದ ಕಂಸವೆಂದು ಹೆಸರು. ಗೋಳವನ್ನು ಅದರ ಕೇಂದ್ರದ ಮೂಲಕ ಹಾದುಹೋಗುವಂತೆ ಕತ್ತರಿಸಿದರೆ ಮೇಲ್ಮೈಯಲ್ಲಿ ಮೂಡುವ ವೃತ್ತವೇ ಮಹಾವೃತ್ತ. ಅದರ ಉದ್ದ ಕಂಡುಹಿಡಿಯಲು ಮೊಬೈಲಿನ ಸೈಂಟಿಫಿಕ್ ಕ್ಯಾಲ್ಕುಲೇಟರನ್ನು ಡಿಗ್ರಿಯ ಕ್ರಮಕ್ಕೆ ಹೊಂದಿಸಿಕೊಂಡು ಹೀಗೆ ಮಾಡಿ:

ಮೊದಲು ಎರಡೂ ಅಕ್ಷಾಂಶಗಳ ಸೈನ್ ಬೆಲೆಗಳನ್ನು ಗುಣಿಸಿ. ಬೆಂಗಳೂರಿನದು 0.2283, ಸ್ಯಾನ್ ಫ್ರಾನ್ಸಿಸ್ಕೊದ್ದು 0.6104, ಗುಣಲಬ್ಧ 0.1394. ಬಳಿಕ ಎರಡೂ ಅಕ್ಷಾಂಶಗಳ ಕೊಸೈನ್ ಬೆಲೆಗಳನ್ನು ಗುಣಿಸಿ, ಅದನ್ನು ರೇಖಾಂಶಗಳ ವ್ಯತ್ಯಾಸದ ಕೊಸೈನ್‌ನಿಂದ ಮತ್ತೆ ಗುಣಿಸಿ. ರೇಖಾಂಶಗಳ ವ್ಯತ್ಯಾಸ 77.706 ಮತ್ತು 122.375 ಸೇರಿ 200.081 ಡಿಗ್ರಿ; ಇದು 180ನ್ನು ಮೀರುವುದರಿಂದ 360ರಲ್ಲಿ ಕಳೆದು 159.919 ಎಂದು ತೆಗೆದುಕೊಳ್ಳಿ. (ಕಳೆಯದಿದ್ದರೂ ಕೊಸೈನ್ ಬೆಲೆ ಅದೇ ಬರುತ್ತದೆ, ಆದರೆ ವಿಮಾನ ಭೂಮಿಯ ಯಾವ ಬದಿಯಿಂದ ಹೋಗುತ್ತದೆ ಎಂಬುದು ಮನಸ್ಸಿನಲ್ಲಿ ಸ್ಪಷ್ಟವಾಗುವುದು ಕಳೆದಾಗಲೇ.) 0.9736, 0.7921 ಮತ್ತು ಋಣ 0.9392 ಇವುಗಳ ಗುಣಲಬ್ಧ ಋಣ 0.7243. ಎರಡೂ ಗುಣಲಬ್ಧಗಳನ್ನು ಕೂಡಿದರೆ ಋಣ 0.5849. ಇದರ ವಿಲೋಮ ಕೊಸೈನ್ (ಕ್ಯಾಲ್ಕುಲೇಟರಿನಲ್ಲಿ cos⁻¹) 125.8 ಡಿಗ್ರಿ. ಅದನ್ನು 111.195ರಿಂದ ಗುಣಿಸಿದಾಗ ಬರುವ ದೂರ ಸುಮಾರು 13,990 ಕಿ.ಮೀ.

ಏರ್ ಇಂಡಿಯಾ 2021ರ ಜನವರಿಯಲ್ಲಿ ಈ ಎರಡು ನಗರಗಳ ನಡುವೆ ನೇರ ವಿಮಾನವನ್ನು ಆರಂಭಿಸಿದಾಗ ಪ್ರಕಟಿಸಿದ ದೂರ 13,993 ಕಿ.ಮೀ. ಕ್ಯಾಲ್ಕುಲೇಟರ್ ಹಿಡಿದು ಕೂತವರ ಉತ್ತರಕ್ಕೂ ವಿಮಾನ ಸಂಸ್ಥೆಯ ಅಂಕಿಗೂ ನಡುವೆ ಬರಿಯ ಮೂರು ಕಿಲೋಮೀಟರ್ ವ್ಯತ್ಯಾಸ. ಮೊದಲ ಸಲ ಹೀಗೆ ತಾಳೆಯಾದಾಗ ನನಗಾದ ಸಂತೋಷ ಇಂದಿಗೂ ನೆನಪಿದೆ.

ಮನೆಯಲ್ಲಿ ಮಕ್ಕಳಿದ್ದರೆ ಸೂತ್ರದ ಗೋಜಿಲ್ಲದೆಯೂ ಇದನ್ನು ತೋರಿಸಬಹುದು. 30 ಸೆಂ.ಮೀ. ವ್ಯಾಸದ ಭೂಗೋಳವೊಂದನ್ನು ತೆಗೆದುಕೊಂಡರೆ ಅದರ ಮೇಲಿನ ಒಂದು ಸೆಂಟಿಮೀಟರ್ ಸುಮಾರು 425 ಕಿ.ಮೀ.ಗೆ ಸಮ. ಬೆಂಗಳೂರಿನ ಮೇಲೆ ದಾರದ ಒಂದು ತುದಿಯನ್ನು ಒತ್ತಿ ಹಿಡಿದು ಇನ್ನೊಂದು ತುದಿಯನ್ನು ಸ್ಯಾನ್ ಫ್ರಾನ್ಸಿಸ್ಕೊದವರೆಗೆ ಬಿಗಿಯಾಗಿ ಎಳೆದರೆ ದಾರ ತಾನಾಗಿಯೇ ಹತ್ತಿರದ ದಾರಿಗೆ ಸರಿದು ನಿಲ್ಲುತ್ತದೆ. ಅಳೆದರೆ ಸುಮಾರು 33 ಸೆಂ.ಮೀ. ಬರುತ್ತದೆ, ದೆಹಲಿಗೆ ನಾಲ್ಕೇ ಸೆಂ.ಮೀ.

ಹಂತ 5: ದಾರಿ ಎಲ್ಲಿ ಹಾದುಹೋಗುತ್ತದೆ ಎಂದು ನೋಡಿ

ಆ ದಾರವನ್ನು ನೋಡಿದವರಿಗೆ ಅಚ್ಚರಿ ಕಾದಿರುತ್ತದೆ. ಗೋಡೆಯ ಮೇಲಿನ ಚಪ್ಪಟೆ ನಕ್ಷೆಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಮ್ಮ ಎಡಕ್ಕೋ ಬಲಕ್ಕೋ ಬಹುದೂರದಲ್ಲಿರುವಂತೆ ಕಾಣುತ್ತದೆ. ಆದರೆ ದಾರವು ಬೆಂಗಳೂರಿನಿಂದ ಉತ್ತರಕ್ಕೆ, ತುಸುವೇ ಪೂರ್ವಕ್ಕೆ ವಾಲಿ ಹೊರಡುತ್ತದೆ: ಉತ್ತರದಿಂದ ಸುಮಾರು 20 ಡಿಗ್ರಿ ಮಾತ್ರ. ನೇಪಾಳದ ಬಳಿ ಹಿಮಾಲಯವನ್ನು ದಾಟಿ, ಟಿಬೆಟ್, ಮಂಗೋಲಿಯಾಗಳ ಕಡೆಯಿಂದ ಸೈಬೀರಿಯಾಕ್ಕೆ ಏರಿ, ಸುಮಾರು 71 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ ಆರ್ಕ್ಟಿಕ್ ಕರಾವಳಿಯನ್ನು ಮುಟ್ಟಿ, ಅಲ್ಲಿಂದ ಅಲಾಸ್ಕಾದ ಕಡೆಗೆ ಇಳಿಯುತ್ತದೆ.

ನಿಜವಾದ ವಿಮಾನ ಈ ಗೆರೆಯನ್ನೇ ಹಿಡಿದು ಹೋಗುವುದಿಲ್ಲ, ಮತ್ತು ಅದಕ್ಕೆ ಗಟ್ಟಿ ಕಾರಣಗಳಿವೆ. ವಿಮಾನದೊಳಗಿನ ಗಾಳಿಯ ಒತ್ತಡ ಕುಸಿದರೆ ಪೈಲಟ್‌ಗಳು ಎಲ್ಲರೂ ಸಹಜವಾಗಿ ಉಸಿರಾಡಬಲ್ಲ ಸುಮಾರು 3,000 ಮೀಟರ್ ಎತ್ತರಕ್ಕೆ ಬೇಗನೆ ಇಳಿಯಬೇಕಾಗುತ್ತದೆ. ಟಿಬೆಟ್ ಪ್ರಸ್ಥಭೂಮಿಯ ಸರಾಸರಿ ಎತ್ತರವೇ ಸುಮಾರು 4,500 ಮೀಟರ್. ಅಲ್ಲಿ ಇಳಿಯಲು ಜಾಗವಿಲ್ಲ. ಹಾಗಾಗಿ ಸಾಮಾನ್ಯವಾಗಿ ಆ ಭಾಗವನ್ನು ತಪ್ಪಿಸಿ ಸುತ್ತಿ ಹೋಗುವ ದಾರಿಗಳನ್ನೇ ಆರಿಸಿಕೊಳ್ಳುತ್ತಾರೆ.

ಎರಡನೆಯ ಕಾರಣ ದೇಶಗಳ ವಾಯುಪ್ರದೇಶ. ಪಾಕಿಸ್ತಾನವು 2019ರ ಫೆಬ್ರವರಿ ಕೊನೆಯಿಂದ ಜುಲೈ ಮಧ್ಯದವರೆಗೆ ತನ್ನ ವಾಯುಪ್ರದೇಶದ ಬಹುಭಾಗವನ್ನು ಮುಚ್ಚಿತ್ತು. 2025ರ ಏಪ್ರಿಲ್ 24ರಂದು ಭಾರತೀಯ ವಿಮಾನ ಸಂಸ್ಥೆಗಳಿಗೆ ಮತ್ತೆ ಬಾಗಿಲು ಹಾಕಿತು. ಇಂಥ ಸಂದರ್ಭಗಳಲ್ಲಿ ದೆಹಲಿಯಿಂದ ಯೂರೋಪಿಗೋ ಅಮೆರಿಕಕ್ಕೋ ಹೋಗುವ ವಿಮಾನಗಳು ಅರಬ್ಬೀ ಸಮುದ್ರದ ಮೇಲೆ ಸುತ್ತಿ ಹೋಗಬೇಕಾಗುತ್ತದೆ. 2022ರಿಂದ ಅಮೆರಿಕ ಮತ್ತು ಯೂರೋಪ್ ಒಕ್ಕೂಟದ ವಿಮಾನ ಸಂಸ್ಥೆಗಳಿಗೆ ರಷ್ಯಾದ ಆಕಾಶವೂ ಮುಚ್ಚಿದೆ. ಎರಡು ಊರುಗಳ ನಡುವಿನ ದೂರ ಬದಲಾಗದಿದ್ದರೂ ಹಾರಬೇಕಾದ ದೂರ ಒಂದೇ ರಾತ್ರಿಯಲ್ಲಿ ಬದಲಾಗಬಹುದು ಎಂಬುದಕ್ಕೆ ಇವು ಸಾಕ್ಷಿ. ಹಳೆಯ ಪ್ರಯಾಣದ ನೆನಪನ್ನೇ ನಂಬಿ ಅವಧಿಯನ್ನು ಹೇಳಬಾರದು.

ಮೊದಲ ನೇರ ವಿಮಾನದ ಕಥೆ ಇಲ್ಲಿ ಹೇಳಲೇಬೇಕಾದದ್ದು. ಕ್ಯಾಪ್ಟನ್ ಜೋಯಾ ಅಗರ್ವಾಲ್ ಅವರ ನೇತೃತ್ವದಲ್ಲಿ ಮಹಿಳಾ ಪೈಲಟ್‌ಗಳೇ ನಡೆಸಿದ ಆ ಬೋಯಿಂಗ್ 777 ವಿಮಾನ ಸ್ಯಾನ್ ಫ್ರಾನ್ಸಿಸ್ಕೊದಿಂದ ಉತ್ತರ ಧ್ರುವದ ಮೇಲಿನಿಂದ ಬೆಂಗಳೂರಿಗೆ ಬಂದಿತು. ಮಹಾವೃತ್ತ 71 ಡಿಗ್ರಿಯಲ್ಲೇ ತಿರುಗುವಾಗ 90 ಡಿಗ್ರಿಯವರೆಗೆ ಹೋದರೆ ದೂರ ತೀರಾ ಹೆಚ್ಚಾಗುವುದಿಲ್ಲವೇ ಎಂದು ಕೇಳಬಹುದು. ಇದನ್ನೂ ಲೆಕ್ಕ ಹಾಕೋಣ. ಸ್ಯಾನ್ ಫ್ರಾನ್ಸಿಸ್ಕೊದಿಂದ ಧ್ರುವಕ್ಕೆ 52.38 ಡಿಗ್ರಿ, ಧ್ರುವದಿಂದ ಬೆಂಗಳೂರಿಗೆ 76.80 ಡಿಗ್ರಿ, ಒಟ್ಟು 129.18 ಡಿಗ್ರಿ, ಅಂದರೆ 14,364 ಕಿ.ಮೀ. ಹೆಚ್ಚಾದದ್ದು 375 ಕಿ.ಮೀ. ಮಾತ್ರ, ಶೇಕಡಾ ಮೂರಕ್ಕಿಂತಲೂ ಕಡಿಮೆ. ಎರಡು ಊರುಗಳು ಭೂಮಿಯ ಬಹುತೇಕ ಎದುರುಬದುರು ರೇಖಾಂಶಗಳಲ್ಲಿ ಇರುವುದರಿಂದ ದಾರಿಯನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ಇಲ್ಲಿ ಬಹಳ ಹೆಚ್ಚು.

ಹಂತ 6: ದೂರವನ್ನು ಸಮಯಕ್ಕೆ ತಿರುಗಿಸಿ

ಬಹಳ ಜನ ಎಡವುವುದು ಇಲ್ಲಿ. ದೂರವನ್ನು ವೇಗದಿಂದ ಭಾಗಿಸಿದರೆ ಬರುವುದು ವಿಮಾನವು ಎತ್ತರದಲ್ಲಿ ಸ್ಥಿರ ವೇಗದಿಂದ ಹಾರಿದರೆ ಹಿಡಿಯುವ ಸಮಯ ಮಾತ್ರ. ಟಿಕೆಟ್ಟಿನಲ್ಲಿ ಅಚ್ಚಾಗುವ ಅವಧಿ ಬೇರೆಯೇ: ವಿಮಾನ ಹೊರಡುವ ಗೇಟಿನಿಂದ ಹಿಂದೆ ಸರಿದ ಕ್ಷಣದಿಂದ ತಲುಪಿದ ಗೇಟಿನಲ್ಲಿ ನಿಲ್ಲುವ ಕ್ಷಣದವರೆಗಿನದು. ರನ್‌ವೇಯವರೆಗೆ ನೆಲದ ಮೇಲೆ ಸಾಗುವುದು, ಸರದಿಗಾಗಿ ಕಾಯುವುದು, ನಿಧಾನವಾಗಿ ಏರುವುದು, ಇಳಿಯುವ ಮುನ್ನ ಸುತ್ತುವುದು ಎಲ್ಲವೂ ಅದರಲ್ಲಿ ಸೇರಿವೆ.

ಮೊದಲು ಯಾವ ವಿಮಾನವೆಂದು ನೋಡಿ. ದೇಶದೊಳಗೆ ಹೆಚ್ಚಾಗಿ ಓಡಾಡುವ ಏರ್‌ಬಸ್ ಎ320, ಬೋಯಿಂಗ್ 737 ಮಾದರಿಗಳು ಗಂಟೆಗೆ ಸುಮಾರು 830 ಕಿ.ಮೀ. ವೇಗದಲ್ಲಿ ಹಾರುತ್ತವೆ. ಖಂಡಗಳನ್ನು ದಾಟುವ ಬೋಯಿಂಗ್ 777, 787 ಮಾದರಿಗಳ ವೇಗ ಗಂಟೆಗೆ ಸುಮಾರು 890ರಿಂದ 900 ಕಿ.ಮೀ. ಹುಬ್ಬಳ್ಳಿ, ಮೈಸೂರಿನಂಥ ನಿಲ್ದಾಣಗಳಲ್ಲಿ ಕಾಣುವ, ರೆಕ್ಕೆಯ ಮೇಲೆ ಪಂಖಗಳು ತಿರುಗುವ ಎಟಿಆರ್ ವಿಮಾನದ ವೇಗ ಗಂಟೆಗೆ 500 ಕಿ.ಮೀ. ಆಸುಪಾಸು.

ನಂತರ ನಾನು ಅನುಸರಿಸುವ ಕ್ರಮ ಹೀಗಿದೆ. ಮಹಾವೃತ್ತದ ದೂರಕ್ಕೆ ಶೇಕಡಾ 5ರಷ್ಟು ಸೇರಿಸುತ್ತೇನೆ, ಏಕೆಂದರೆ ವಿಮಾನಗಳು ಗೊತ್ತುಪಡಿಸಿದ ವಾಯುಮಾರ್ಗಗಳಲ್ಲಿ ಹೋಗುತ್ತವೆ, ಸೇನೆಯ ನಿರ್ಬಂಧಿತ ಪ್ರದೇಶಗಳನ್ನು ತಪ್ಪಿಸಿ ಸುತ್ತಿ ಹೋಗುತ್ತವೆ, ಗಾಳಿಯ ದಿಕ್ಕಿಗೆ ತಕ್ಕಂತೆ ರನ್‌ವೇಯ ಯಾವ ತುದಿಯಿಂದಾದರೂ ಇಳಿಯುತ್ತವೆ. ಬಂದ ದೂರವನ್ನು ವೇಗದಿಂದ ಭಾಗಿಸುತ್ತೇನೆ. ಏರುವಾಗಲೂ ಇಳಿಯುವಾಗಲೂ ವೇಗ ಕಡಿಮೆ ಇರುವುದಕ್ಕೆ ಹತ್ತು ನಿಮಿಷ, ಎರಡೂ ನಿಲ್ದಾಣಗಳಲ್ಲಿ ನೆಲದ ಮೇಲೆ ಸಾಗುವುದಕ್ಕೆ ಇಪ್ಪತ್ತೈದು ನಿಮಿಷ ಸೇರಿಸುತ್ತೇನೆ.

ದೆಹಲಿಗೆ ಇದನ್ನು ಅನ್ವಯಿಸಿದರೆ 1,702 ಕಿ.ಮೀ. ಸುಮಾರು 1,790 ಆಗುತ್ತದೆ; 830ರಿಂದ ಭಾಗಿಸಿದಾಗ 2 ಗಂಟೆ 9 ನಿಮಿಷ; 35 ನಿಮಿಷ ಸೇರಿಸಿದರೆ 2 ಗಂಟೆ 44 ನಿಮಿಷ. ವೇಳಾಪಟ್ಟಿಗಳಲ್ಲಿ ಕಾಣುವ ಎರಡೂಮುಕ್ಕಾಲು ಗಂಟೆಯಿಂದ ಮೂರು ಗಂಟೆಯೊಳಗಿನ ಅವಧಿಗೆ ಇದು ಚೆನ್ನಾಗಿ ಹೊಂದುತ್ತದೆ. ದೆಹಲಿಯದು ನಾಲ್ಕು ರನ್‌ವೇಗಳ ದೊಡ್ಡ ನಿಲ್ದಾಣ. ಇಳಿದ ಮೇಲೆ ಗೇಟು ಸೇರುವುದಕ್ಕೇ ಕೆಲವೊಮ್ಮೆ ಕಾಲು ಗಂಟೆ ಬೇಕಾಗುವುದರಿಂದ ಸಂಸ್ಥೆಗಳು ತುಸು ಹೆಚ್ಚಿನ ಅವಧಿಯನ್ನೇ ಬರೆಯುತ್ತವೆ.

ಸ್ಯಾನ್ ಫ್ರಾನ್ಸಿಸ್ಕೊಗೆ 13,990 ಕಿ.ಮೀ. ಸುಮಾರು 14,690 ಆಗುತ್ತದೆ. 890ರಿಂದ ಭಾಗಿಸಿದರೆ ಹದಿನಾರೂವರೆ ಗಂಟೆ. 35 ನಿಮಿಷ ಸೇರಿಸಿದರೆ 17 ಗಂಟೆಯ ಮೇಲೆ ಕೆಲವು ನಿಮಿಷ.

ಹತ್ತಿರದ ಊರುಗಳಲ್ಲಿ ಬರಿಯ ಭಾಗಾಕಾರ ಎಷ್ಟು ದಾರಿ ತಪ್ಪಿಸುತ್ತದೆ ಎಂಬುದಕ್ಕೆ ಮಂಗಳೂರು ಒಳ್ಳೆಯ ಉದಾಹರಣೆ. ಬೆಂಗಳೂರಿನ ನಿಲ್ದಾಣದಿಂದ ಮಂಗಳೂರಿನ ನಿಲ್ದಾಣಕ್ಕೆ ನೇರ ದೂರ ಸುಮಾರು 305 ಕಿ.ಮೀ. 830ರಿಂದ ಭಾಗಿಸಿದರೆ 22 ನಿಮಿಷ ಬರುತ್ತದೆ. ಟಿಕೆಟ್ಟಿನಲ್ಲಿ ಮಾತ್ರ ಒಂದು ಗಂಟೆಯ ಆಸುಪಾಸು ಇರುತ್ತದೆ. ಜೆಟ್ ವಿಮಾನವೊಂದು 35,000 ಅಡಿಯಿಂದ ಇಳಿಯಲು ಆರಂಭಿಸುವುದೇ ಗಮ್ಯಕ್ಕೆ ಸುಮಾರು 200 ಕಿ.ಮೀ. ಇರುವಾಗ. 305 ಕಿ.ಮೀ. ಪ್ರಯಾಣದಲ್ಲಿ ಏರಿ ಮುಗಿಯುವಷ್ಟರಲ್ಲಿ ಇಳಿಯಲು ತೊಡಗಬೇಕು. ಪೂರ್ಣ ವೇಗದಲ್ಲಿ ಹಾರುವ ಅವಕಾಶ ಅದಕ್ಕೆ ಸಿಗುವುದೇ ಇಲ್ಲ. ಆದ್ದರಿಂದ 500 ಕಿ.ಮೀ.ಗಿಂತ ಕಡಿಮೆ ದೂರಕ್ಕೆ ಮೇಲಿನ ಸೂತ್ರವನ್ನು ಬಿಟ್ಟು ಒಂದು ಗಂಟೆ ಎಂದು ಇಟ್ಟುಕೊಳ್ಳುವುದೇ ಸರಿ.

ಹಂತ 7: ಗಾಳಿಯನ್ನು ಲೆಕ್ಕಕ್ಕೆ ತನ್ನಿ

ಭೂಮಿಯಿಂದ 9ರಿಂದ 12 ಕಿ.ಮೀ. ಎತ್ತರದಲ್ಲಿ, ಅಂದರೆ ವಿಮಾನಗಳು ಹಾರುವ ಎತ್ತರದಲ್ಲಿಯೇ, ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಪ್ರವಾಹಗಳಿವೆ. ಚಳಿಗಾಲದಲ್ಲಿ ಉತ್ತರ ಭಾರತದ ಮೇಲೆ ಇವು ಬಹಳ ಬಲವಾಗಿರುತ್ತವೆ. ಬೆಂಗಳೂರು–ದೆಹಲಿ ದಾರಿಯಲ್ಲಿ ಈ ಗಾಳಿ ಅಡ್ಡಲಾಗಿ ಬೀಸುವುದರಿಂದ ಹೋಗುವ ಹಾಗೂ ಬರುವ ಅವಧಿಗಳಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ಮುಂಬೈ–ಕೋಲ್ಕತ್ತ ದಾರಿಯಲ್ಲಿ ಹಾಗಲ್ಲ. ಅಲ್ಲಿ ದೂರ ಸುಮಾರು 1,660 ಕಿ.ಮೀ. ಗಂಟೆಗೆ 830 ಕಿ.ಮೀ. ವೇಗದ ವಿಮಾನ ಗಾಳಿಯಿಲ್ಲದ ದಿನ ಸರಿಯಾಗಿ ಎರಡು ಗಂಟೆಯಲ್ಲಿ ಇದನ್ನು ಹಾರಬೇಕು. ಗಂಟೆಗೆ 100 ಕಿ.ಮೀ. ಪಶ್ಚಿಮದ ಗಾಳಿ ಇದ್ದರೆ ಕೋಲ್ಕತ್ತಗೆ ಹೋಗುವಾಗ ನೆಲದ ಲೆಕ್ಕದ ವೇಗ 930 ಆಗಿ 1 ಗಂಟೆ 47 ನಿಮಿಷ ಸಾಕು; ಬರುವಾಗ 730ಕ್ಕೆ ಇಳಿದು 2 ಗಂಟೆ 16 ನಿಮಿಷ ಬೇಕು. ಗಮನಿಸಿ: ಹಿಂಗಾಳಿಯಿಂದ ಗಳಿಸಿದ್ದು 13 ನಿಮಿಷ, ಎದುರುಗಾಳಿಯಿಂದ ಕಳೆದುಕೊಂಡದ್ದು 16 ನಿಮಿಷ. ಎದುರುಗಾಳಿಯಲ್ಲಿ ವಿಮಾನ ಹೆಚ್ಚು ಹೊತ್ತು ಸಿಕ್ಕಿಕೊಂಡಿರುವುದರಿಂದ ಗಾಳಿ ಕೊಟ್ಟದ್ದಕ್ಕಿಂತ ಕಿತ್ತುಕೊಳ್ಳುವುದೇ ಯಾವಾಗಲೂ ಹೆಚ್ಚು.

ಸ್ಯಾನ್ ಫ್ರಾನ್ಸಿಸ್ಕೊದಂಥ ದಾರಿಯಲ್ಲಿ ಇಡೀ ಪ್ರಯಾಣದುದ್ದಕ್ಕೂ ಒಂದೇ ಗಾಳಿ ಇರುವುದಿಲ್ಲ. ಸರಾಸರಿಯಾಗಿ ಗಂಟೆಗೆ 40 ಕಿ.ಮೀ. ಎದುರುಗಾಳಿ ಇದ್ದರೂ 14,690 ಕಿ.ಮೀ. ಹಾರಲು ಹದಿನೇಳೂಕಾಲು ಗಂಟೆ ಬೇಕು. ಅಷ್ಟೇ ಹಿಂಗಾಳಿ ಇದ್ದರೆ 15 ಗಂಟೆ 48 ನಿಮಿಷ ಸಾಕು. ಒಂದೂವರೆ ಗಂಟೆಯ ವ್ಯತ್ಯಾಸ. ಕೆಲವು ನೂರು ಕಿಲೋಮೀಟರ್ ಸುತ್ತಾದರೂ ಚಿಂತೆಯಿಲ್ಲವೆಂದು ಅನುಕೂಲ ಗಾಳಿಯ ದಾರಿಯನ್ನು ಹುಡುಕುವುದರ ಗುಟ್ಟು ಇದು.

ಹಂತ 8: ಗಡಿಯಾರದ ವ್ಯತ್ಯಾಸವನ್ನು ಅವಧಿಯಿಂದ ಬೇರ್ಪಡಿಸಿ

ಟಿಕೆಟ್ಟಿನಲ್ಲಿ ಹೊರಡುವ ಹೊತ್ತು ಹೊರಡುವ ಊರಿನ ಗಡಿಯಾರದ್ದು, ತಲುಪುವ ಹೊತ್ತು ತಲುಪುವ ಊರಿನ ಗಡಿಯಾರದ್ದು. ಎರಡನ್ನೂ ನೇರವಾಗಿ ಕಳೆದರೆ ಸಿಗುವುದು ಹಾರಾಟದ ಅವಧಿಯಲ್ಲ. ಭಾರತದ ಸಮಯ ಅಂತರರಾಷ್ಟ್ರೀಯ ಪ್ರಮಾಣ ಸಮಯಕ್ಕಿಂತ ಐದೂವರೆ ಗಂಟೆ ಮುಂದೆ. ಸ್ಯಾನ್ ಫ್ರಾನ್ಸಿಸ್ಕೊ ಚಳಿಗಾಲದಲ್ಲಿ ಎಂಟು ಗಂಟೆ ಹಿಂದೆ, ಬೇಸಿಗೆಯಲ್ಲಿ ಏಳು ಗಂಟೆ ಹಿಂದೆ. ಹೀಗಾಗಿ ನಮಗೂ ಅವರಿಗೂ ಚಳಿಗಾಲದಲ್ಲಿ ಹದಿಮೂರೂವರೆ, ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆಗಳ ಅಂತರ. ಅಮೆರಿಕದಲ್ಲಿ ಗಡಿಯಾರ ಮುಂದೆ ಸರಿಯುವುದು ಮಾರ್ಚ್ ತಿಂಗಳ ಎರಡನೆಯ ಭಾನುವಾರ, ಹಿಂದೆ ಸರಿಯುವುದು ನವೆಂಬರ್ ತಿಂಗಳ ಮೊದಲ ಭಾನುವಾರ. ಯೂರೋಪಿನಲ್ಲಿ ಈ ದಿನಗಳು ಬೇರೆ: ಮಾರ್ಚ್ ಮತ್ತು ಅಕ್ಟೋಬರ್ ತಿಂಗಳ ಕೊನೆಯ ಭಾನುವಾರಗಳು.

ಲೆಕ್ಕದ ನಿಯಮ ಸರಳ: ಎರಡೂ ಹೊತ್ತುಗಳನ್ನು ಮೊದಲು ಭಾರತೀಯ ಸಮಯಕ್ಕೆ ತಿರುಗಿಸಿ, ಆಮೇಲೆ ಕಳೆಯಿರಿ. ಮೇಲೆ ಹೇಳಿದ ಮೊದಲ ನೇರ ವಿಮಾನದ ಪ್ರಕಟಿತ ವೇಳಾಪಟ್ಟಿಯನ್ನೇ ತೆಗೆದುಕೊಳ್ಳಿ. ಸ್ಯಾನ್ ಫ್ರಾನ್ಸಿಸ್ಕೊದಿಂದ 2021ರ ಜನವರಿ 9ರ ರಾತ್ರಿ 8:30ಕ್ಕೆ ಹೊರಟು, ಬೆಂಗಳೂರಿಗೆ ಜನವರಿ 11ರ ಮುಂಜಾನೆ 3:45ಕ್ಕೆ ತಲುಪುವುದು. ಮೇಲ್ನೋಟಕ್ಕೆ 31 ಗಂಟೆ 15 ನಿಮಿಷ. ಹೊರಡುವ ಹೊತ್ತಿಗೆ ಹದಿಮೂರೂವರೆ ಗಂಟೆ ಸೇರಿಸಿದರೆ ಭಾರತದಲ್ಲಿ ಆಗ ಜನವರಿ 10ರ ಬೆಳಿಗ್ಗೆ 10 ಗಂಟೆ. ಅಲ್ಲಿಂದ ಮರುದಿನ 3:45ರವರೆಗೆ 17 ಗಂಟೆ 45 ನಿಮಿಷ. ಇದೇ ನಿಜವಾದ ಅವಧಿ. ನಮ್ಮ ಆರನೆಯ ಹಂತದ ಅಂದಾಜಿಗೂ ಇದಕ್ಕೂ ಇರುವ ವ್ಯತ್ಯಾಸ ಮುಕ್ಕಾಲು ಗಂಟೆಯೂ ಇಲ್ಲ.

ಎದುರು ದಿಕ್ಕಿನಲ್ಲಿ ಗಡಿಯಾರ ಇನ್ನಷ್ಟು ಮರುಳುಮಾಡುತ್ತದೆ. ಜನವರಿಯ ಒಂದು ದಿನ ಬೆಂಗಳೂರಿನಿಂದ ಮಧ್ಯಾಹ್ನ 2:30ಕ್ಕೆ ಹೊರಟ ವಿಮಾನ 16 ಗಂಟೆ ಹಾರಿತೆಂದುಕೊಳ್ಳಿ. ನಮ್ಮ ಗಡಿಯಾರದಲ್ಲಿ ಮರುದಿನ ಬೆಳಿಗ್ಗೆ 6:30. ಹದಿಮೂರೂವರೆ ಗಂಟೆ ಕಳೆದರೆ ಅಲ್ಲಿ ಅದೇ ದಿನದ ಸಂಜೆ 5 ಗಂಟೆ. ಎರಡೂವರೆ ಗಂಟೆಯಲ್ಲಿ ಅಮೆರಿಕ ಸೇರಿದಂತೆ ಕಾಣುತ್ತದೆ!

ಇದು ಬರಿಯ ಕುತೂಹಲದ ವಿಷಯವಲ್ಲ. ನನ್ನ ತಾಯಿಯವರು ಮೊದಲ ಸಲ ತಂಗಿಯ ಮನೆಗೆ ಹೊರಟಾಗ ಹನ್ನೆರಡು ಗಂಟೆಗೊಮ್ಮೆ ಮಾತ್ರೆ ತೆಗೆದುಕೊಳ್ಳಬೇಕಿತ್ತು. ವಿಮಾನದ ಪರದೆಯ ಮೇಲಿನ ಸ್ಥಳೀಯ ಸಮಯವನ್ನು ನೋಡಿ ತೆಗೆದುಕೊಂಡಿದ್ದರೆ ಒಂದು ಹೊತ್ತು ತಪ್ಪಿಹೋಗುತ್ತಿತ್ತು. ಹೊರಡುವ ಮೊದಲೇ ವೈದ್ಯರನ್ನು ಕೇಳಿ, ಒಂದು ಕೈಗಡಿಯಾರವನ್ನು ಭಾರತದ ಸಮಯಕ್ಕೇ ಬಿಟ್ಟು, ಮಾತ್ರೆಯ ಹೊತ್ತುಗಳನ್ನು ಅದರ ಪ್ರಕಾರ ಚೀಟಿಯಲ್ಲಿ ಬರೆದು ಅವರ ಕೈಚೀಲದಲ್ಲಿ ಇಟ್ಟಿದ್ದೆವು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವ ಹಿರಿಯರಿದ್ದರೆ ಈ ಲೆಕ್ಕವನ್ನು ವೈದ್ಯರ ಮುಂದಿಟ್ಟು ಕೇಳದೆ ಪ್ರಯಾಣಕ್ಕೆ ಹೊರಡಿಸಬೇಡಿ.

ಹಂತ 9: ನಡುವೆ ವಿಮಾನ ಬದಲಿಸುವುದಾದರೆ

ಪ್ರತಿ ತುಂಡನ್ನೂ ಬೇರೆಯಾಗಿ ಲೆಕ್ಕ ಹಾಕಿ ಕೂಡಿ. ಫ್ರಾಂಕ್‌ಫರ್ಟ್ ಮೂಲಕ ಹೋದರೆ ಬೆಂಗಳೂರಿನಿಂದ ಅಲ್ಲಿಗೆ ಸುಮಾರು 7,400 ಕಿ.ಮೀ., ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೊಗೆ 9,150 ಕಿ.ಮೀ., ಒಟ್ಟು 16,550. ತೀರಾ ವಿರುದ್ಧ ದಿಕ್ಕಿನ ಸಿಂಗಪುರದ ಮೂಲಕ ಹೋದರೂ ಒಟ್ಟು 16,760 ಕಿ.ಮೀ.ಯ ಆಸುಪಾಸೇ ಆಗುತ್ತದೆ. ಪಶ್ಚಿಮಕ್ಕೆ ಹೋದರೂ ಪೂರ್ವಕ್ಕೆ ಹೋದರೂ ಹೆಚ್ಚುಕಡಿಮೆ ಅಷ್ಟೇ ದೂರವಾದ್ದರಿಂದ, ಆಯ್ಕೆ ಮಾಡುವಾಗ ದೂರಕ್ಕಿಂತ ನಡುವಿನ ನಿಲ್ದಾಣದಲ್ಲಿ ಕಾಯುವ ಹೊತ್ತಿಗೇ ಹೆಚ್ಚು ಬೆಲೆ ಕೊಡಬೇಕು. ಪೂರ್ವದ ದಾರಿಯಲ್ಲಿ ಪೆಸಿಫಿಕ್ ಸಾಗರವನ್ನು ದಾಟುವಾಗ ಹಿಂಗಾಳಿಯ ನೆರವು ಸಿಗುತ್ತದೆ. ಪಶ್ಚಿಮದ ದಾರಿಯಲ್ಲಿ ಪ್ರಯಾಣ ಎರಡು ಸಮತೋಲದ ಭಾಗಗಳಾಗಿ ಒಡೆಯುವುದರಿಂದ ಮಂಡಿನೋವಿರುವ ಹಿರಿಯರಿಗೆ ಅದು ಹೆಚ್ಚು ಹಿತ ಎಂಬುದು ನನ್ನ ಅನಿಸಿಕೆ.

ಹಂತ 10: ನಿಮ್ಮ ಲೆಕ್ಕವನ್ನು ನಿಜದೊಂದಿಗೆ ತಾಳೆ ನೋಡಿ

ದೂರಕ್ಕೆ ಗ್ರೇಟ್ ಸರ್ಕಲ್ ಮ್ಯಾಪರ್ ಎಂಬ ತಾಣದಲ್ಲಿ ನಿಲ್ದಾಣಗಳ ಮೂರಕ್ಷರದ ಸಂಕೇತಗಳನ್ನು ಕೊಡಿ. ಬೆಂಗಳೂರಿಗೆ ಬಿಎಲ್‌ಆರ್, ದೆಹಲಿಗೆ ಡಿಇಎಲ್, ಸ್ಯಾನ್ ಫ್ರಾನ್ಸಿಸ್ಕೊಗೆ ಎಸ್‌ಎಫ್‌ಒ. ಅವಧಿಗೆ ಫ್ಲೈಟ್‌ರಾಡಾರ್24 ತಾಣದಲ್ಲಿ ನಿಮ್ಮ ವಿಮಾನದ ಸಂಖ್ಯೆಯನ್ನು ಹುಡುಕಿ, ಕಳೆದ ಒಂದು ವಾರದಲ್ಲಿ ಅದು ನಿಜವಾಗಿ ಎಷ್ಟು ಹೊತ್ತು ಹಾರಿದೆ ಎಂದು ನೋಡಿ. ಅಲ್ಲಿ ಕಾಣುವುದು ನೆಲ ಬಿಟ್ಟು ನೆಲ ಮುಟ್ಟುವವರೆಗಿನ ಹೊತ್ತು. ಟಿಕೆಟ್ಟಿನ ಅವಧಿಗಿಂತ ಅದು ಕಡಿಮೆ ಇದ್ದರೆ ಗಾಬರಿಯಾಗಬೇಕಿಲ್ಲ.

ಇಷ್ಟಾದ ಮೇಲೆ ಮನೆಯ ಬಾಗಿಲಿನಿಂದ ಲೆಕ್ಕ ಹಾಕಿ. ಮೆಜೆಸ್ಟಿಕ್‌ನಿಂದ ದೇವನಹಳ್ಳಿಗೆ ರಸ್ತೆಯಲ್ಲಿ ಸುಮಾರು 35 ಕಿ.ಮೀ.; ವಾಯುವಜ್ರ ಬಸ್ಸಿನಲ್ಲಿ ಸಂಜೆಯ ದಟ್ಟಣೆಗೆ ಎರಡು ಗಂಟೆ ಇಟ್ಟುಕೊಳ್ಳಿ. ಯಾವ ಟರ್ಮಿನಲ್ ಎಂದು ಟಿಕೆಟ್ಟಿನಲ್ಲಿ ನೋಡಿಕೊಳ್ಳಿ. 2023ರ ಸೆಪ್ಟೆಂಬರ್‌ನಿಂದ ಅಂತರರಾಷ್ಟ್ರೀಯ ವಿಮಾನಗಳು ಎರಡನೆಯ ಟರ್ಮಿನಲ್‌ಗೆ ಹೋಗಿವೆ. ದೇಶದೊಳಗಿನ ಪ್ರಯಾಣಕ್ಕೆ ಎರಡು ಗಂಟೆ, ವಿದೇಶಕ್ಕೆ ಮೂರು ಗಂಟೆ ಮೊದಲೇ ನಿಲ್ದಾಣದಲ್ಲಿರಬೇಕು. ಎರಡೂಮುಕ್ಕಾಲು ಗಂಟೆಯ ದೆಹಲಿ ಹಾರಾಟ ಹೀಗೆ ಮನೆಯಿಂದ ಮನೆಗೆ ಏಳೆಂಟು ಗಂಟೆಯಾಗುತ್ತದೆ. ಡಿಸೆಂಬರ್, ಜನವರಿಯ ಮುಂಜಾನೆಗಳಲ್ಲಿ ದೆಹಲಿಯ ಮಂಜು ಇದನ್ನೆಲ್ಲ ಬುಡಮೇಲು ಮಾಡಬಲ್ಲದು. ಆ ತಿಂಗಳುಗಳಲ್ಲಿ ದೆಹಲಿಯಿಂದ ಮುಂದೆ ಇನ್ನೊಂದು ವಿಮಾನ ಹಿಡಿಯಬೇಕಿದ್ದರೆ ಎರಡರ ನಡುವೆ ಕನಿಷ್ಠ ಐದಾರು ಗಂಟೆ ಬಿಡಿ, ಇಲ್ಲವೇ ಹಿಂದಿನ ದಿನ ಮಧ್ಯಾಹ್ನವೇ ಹೋಗಿ ಅಲ್ಲಿ ತಂಗಿರಿ.